ಪೂಜೆಗೆ ಕೂತ ಪಾನಾ

ನನ್ನದು ಹುಟ್ಟಾ ಪುಕ್ಕಲು ಜೀವ. ಮನೆಗೆ ಬೀಗ ಹಾಕಿ ಗೇಟಿನ ತನಕ ಹೋದ ಮೇಲೆ ಮತ್ತೆ ತಿರುಗಿ ಬಂದು ಆ ಬೀಗವನ್ನು ಜಗ್ಗಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಒಮ್ಮೆ ಅರ್ಧ ದಾರಿಯಿಂದ ತಿರುಗಿ ಬಂದೆ; ಬಂದು ನೋಡಿದರೆ ಆ ದಿನ ಒಲೆಯನ್ನೇ ಹಚ್ಚಿರಲಿಲ್ಲ. "ಚಿಂತಿ ಮಾಡ್ಲಿಕ್ಕೆ ಏನೂ ಸಿಗಲಿಲ್ಲಂದ್ರ ನಿನಗ ಅದರದ ಒಂದು ಚಿಂತಿ" ಎಂದು ನನ್ನ ಗಂಡ ನಗುತ್ತಿದ್ದರು. ನಗಲಿ ಬಿಡಿ. ಆದರೆ ಇಷ್ಟೆಲ್ಲ ಚಿಂತೆ ಮಾಡುವ ನಾನು, ನಿಜಕ್ಕೂ ಚಿಂತೆ ಮಾಡಬೇಕಾಗಿದ್ದ ದಿನ, ಸ್ಕೂಟರಿನ ಬ್ರೇಕೊಂದನ್ನು ಬಿಟ್ಟು ಜಗತ್ತಿನ ಉಳಿದೆಲ್ಲದರ ಚಿಂತೆ ಮೊದಲು ಮಾಡಿದೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಪುಣೆಯ ಕೋಥ್ರೂಡಿನಲ್ಲಿ, ನೆಲಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದೆವು: ನಾನು, ನನ್ನ ಗಂಡ, ಧಾರವಾಡದಿಂದ ಬಂದು ನಮ್ಮ ಜೊತೆಯೇ ಇದ್ದ ನನ್ನ ಅತ್ತೆ. ಗಂಡನಿಗೆ ನಿಗಡಿಯ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಬಂದು ಕರೆದೊಯ್ಯುತ್ತಿತ್ತು. ಹಾಗಾಗಿ ಮನೆಯ ಸ್ಕೂಟರು ನನ್ನ ಪಾಲಿಗೆ, ನನ್ನ ಆಫೀಸಿನ ಓಡಾಟಕ್ಕೆ. ಗೇರು ತಿರುವುವ ಹಳೆಯ ಮಾದರಿಯ ಭಾರೀ ಸ್ಕೂಟರು. ಅದನ್ನು ಕಲಿಯುವಾಗ ನಾನು ಸುರಿಸಿದ ಕಣ್ಣೀರು ನನಗೇ ಗೊತ್ತು. ಆದರೆ ಪುಣೆಯಲ್ಲಿ ಮುಖಕ್ಕೆ ಓಢಣಿ ಸುತ್ತಿಕೊಂಡು ಗಾಡಿ ಹೊಡೆಯದ ಹೆಂಗಸೇ ಇಲ್ಲ. ನಾನೊಬ್ಬಳು ಬಸ್ಸಿಗೆ ಕಾಯುತ್ತ ನಿಲ್ಲುವುದು ಮರ್ಯಾದೆಯ ಪ್ರಶ್ನೆಯಾಗಿತ್ತು.

ಹಿಂದಿನ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಬಿದ್ದರೆ ಇವರು ಎದ್ದು ನಡೆಯುವ ಮಾತು ಮರೆತುಬಿಡಿ ಎಂದಿದ್ದರು. ಗಂಡನಿಗೆ ಹೇಳಬಾರದಿತ್ತೇ? ನನಗೇ ಹೇಳಬೇಕಾ? ಅವತ್ತಿನಿಂದ ನನ್ನ ಕಿವಿ ಮನೆಯ ನೆಲದ ಮೇಲೇ ಇರುತ್ತಿತ್ತು. ಕೋಲಿನ ಟಕ್ ಟಕ್ ಕೇಳುತ್ತಿದ್ದರೆ ಸಮಾಧಾನ, ನಿಂತರೆ ಜೀವ ಬಾಯಿಗೆ. ಅತ್ತೆ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದು, ಕೊನೆಗೆ ಕೋಲೂರಿ ಅಡಿಗೆಮನೆಯ ತನಕ ಬರುವಷ್ಟು ಆಗುವ ಹೊತ್ತಿಗೆ ಮುಂದಿನ ನವರಾತ್ರಿ ಬಂತು.

ಮಲಗಿದಲ್ಲೇ ಅವರೊಂದು ಹರಕೆ ಹೊತ್ತಿದ್ದರು. ನಮ್ಮ ಮನೆಯಿಂದ ಏರು ಹತ್ತಿ, ಚಾಂದಣಿ ಚೌಕ ದಾಟಿ ಸ್ವಲ್ಪ ಮುಂದೆ ಹೋದರೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ದೇವಿ ಗುಡಿ. ಕಲ್ಲು ಒಡೆಯುವ ಕೆಲಸಕ್ಕೆ ವಿಜಾಪುರದ ಕಡೆಯಿಂದ ಬಂದ ಜನ ಕಟ್ಟಿಕೊಂಡದ್ದು. ಅಲ್ಲಿ ಪೂಜೆ ಮಾಡುವ ಮುದುಕಿ ಕನ್ನಡದಲ್ಲಿ ಆರತಿ ಹಾಡುತ್ತಿದ್ದಳು. ಅತ್ತೆಗೆ ಅಷ್ಟೇ ಸಾಕಿತ್ತು. ನನ್ನ ಕಾಲ ಮೇಲೆ ನಾನು ನಿಂತರೆ ಆಯುಧಪೂಜೆಯ ಖಂಡೇನವಮಿಯ ದಿನ ಬಂದು ಉಡಿ ತುಂಬುತ್ತೇನೆ ಎಂದು ಅವರು ಆ ದೇವಿಗೆ ಮಾತು ಕೊಟ್ಟುಬಿಟ್ಟಿದ್ದರು. ಹರಕೆ ಹೊರುವುದು ಅವರು, ಕರೆದೊಯ್ಯುವುದು ನಾನು.

ಈಗ ಸ್ಕೂಟರಿನ ವಿಷಯಕ್ಕೆ ಬರುತ್ತೇನೆ. ಕೆಲವು ದಿನಗಳಿಂದ ಅದರ ಕಾಲಿನ ಬ್ರೇಕು ಮೆತ್ತಗಾಗಿತ್ತು. ಒತ್ತಿದರೆ ಪೆಡಲು ಆಳಕ್ಕೆ ಹೋಗಿ ಆಮೇಲೆ ಹಿಡಿಯುತ್ತಿತ್ತು. ಕೈಯ ಬ್ರೇಕು ಮೊದಲಿನಿಂದಲೂ ಹೆಸರಿಗಷ್ಟೇ. ದೊಡ್ಡ ರಿಪೇರಿಯೇನಲ್ಲ, ಹಿಂದಿನ ಗಾಲಿಯ ಹತ್ತಿರ ಬ್ರೇಕಿನ ವಾಯರು ಬಂದು ಸೇರುವಲ್ಲಿ ಒಂದು ಸಣ್ಣ ನಟ್ಟು ಇರುತ್ತದೆ, ಅದನ್ನು ಪಾನಾ, ಅಂದರೆ ಸ್ಪ್ಯಾನರು, ಹಚ್ಚಿ ಬಿಗಿ ಮಾಡಿದರೆ ಮುಗಿಯಿತು. ಗಂಡನಿಗೆ ಹೇಳಿದೆ. "ಖಂಡೇನವಮಿಗೆ ಹ್ಯಾಂಗೂ ಗಾಡಿ ತೊಳೀತೀನಲ್ಲ, ಆವಾಗ ಮಾಡಿದ್ರಾತು" ಎಂದರು. ನಮ್ಮವರು ಹೊಳಪಿನ ಮನುಷ್ಯ. ಹಿಂದಿನ ಸಂಜೆ ಸ್ಕೂಟರನ್ನು ಸಾಬೂನು ಹಚ್ಚಿ ತಿಕ್ಕಿ, ಕನ್ನಡಿಯನ್ನು ಹಳೆ ಪೇಪರಿನಿಂದ ಒರೆಸಿ, ಸ್ಟೆಪ್ನಿಯ ಮುಚ್ಚಳಕ್ಕೂ ಪಾಲಿಶ್ ಮಾಡಿ, ಮದುಮಗನ ಹಾಗೆ ನಿಲ್ಲಿಸಿದರು. ನಟ್ಟನ್ನು ಮರೆತರು. ಮರೆತದ್ದು ಅವರು ಮಾತ್ರವಲ್ಲ. ಆ ಹೊಳಪು ನೋಡಿ ನನಗೂ ಗಾಡಿ ಹೊಸದಾಯಿತು ಎನ್ನಿಸಿಬಿಟ್ಟಿತ್ತು.

ನವಮಿಯ ಬೆಳಿಗ್ಗೆ ಅವರು ಗಾಡಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಸಿ, ಕಾರ್ಖಾನೆಯ ಯಂತ್ರಗಳ ಪೂಜೆಗೆಂದು ಕಂಪನಿ ಬಸ್ಸು ಹತ್ತಿ ಹೋದರು. ಆಮೇಲೆ ಅತ್ತೆ ಗುಡಿಯ ಮಾತು ತೆಗೆದರು. ನಮ್ಮ ಓಣಿಯ ರಿಕ್ಷಾದವನಿಗೆ ಮೊದಲೇ ಹೇಳಿಟ್ಟಿದ್ದೆ; ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ. ರಸ್ತೆ ಕೂಡುವ ನಾಕೆಯಲ್ಲಿ ನಿಂತು ಕೇಳಿದ ರಿಕ್ಷಾಗಳೆಲ್ಲ ಆ ಏರಿಗೆ ಬರುವುದಿಲ್ಲ ಎಂದವು.

"ಗಾಡಿ ಅದ ಅಲ್ಲ, ಪೂಜಾನೂ ಆಗೇದ. ನಡಿ" ಎಂದರು ಅತ್ತೆ.

"ಅತ್ತ್ಯಾರ, ಸ್ಕೂಟರ್ ಮ್ಯಾಲ ನಿಮ್ಮನ್ನ? ನನ್ನ ಕೈಲೆ ಆಗೂದಿಲ್ರಿ."

"ದಿನಾ ಆಫೀಸಿಗೆ ಹೋಗ್ಲಿಕ್ಕೆ ಆಗ್ತದ, ದೇವರಿಗೆ ಹೋಗ್ಲಿಕ್ಕೆ ಆಗೂದಿಲ್ಲೇನು?"

ನನ್ನ ಚಿಂತೆಯ ಯಂತ್ರ ಶುರುವಾಯಿತು. ಅವರು ಹತ್ತುವುದು ಹೇಗೆ? ಕಂಪೌಂಡಿನ ಕಟ್ಟೆಯ ಹತ್ತಿರ ಗಾಡಿ ತಂದರೆ ಎತ್ತರ ಸರಿಹೋಗುತ್ತದೆ. ಸೀಟಿನ ಮೇಲೆ ಏನು? ದಪ್ಪ ಕಂಬಳಿ ಮಡಿಸಿ, ಮೇಲೆ ತಲೆದಿಂಬು. ಸೆರಗು ಗಾಲಿಗೆ ಸಿಕ್ಕರೆ? ಪಿನ್ನು. ಬಿಸಿಲಿಗೆ ತಲೆ ತಿರುಗಿದರೆ? ನೀರಿನ ಬಾಟಲಿ, ಸಕ್ಕರೆ. ಇಷ್ಟೆಲ್ಲ ಜೋಡಿಸಿಕೊಂಡು ಕಾಲಿಗೆ ಚಪ್ಪಲಿ ಮೆಟ್ಟುವಾಗ ಪೆಡಲಿನ ನೆನಪಾಯಿತು. ಒಂದೇ ನಿಮಿಷದ ಕೆಲಸ, ನಾನೇ ಮಾಡಿಬಿಡುತ್ತೇನೆ ಎಂದು ಒಳಗೆ ಓಡಿದೆ. ಗಂಡನ ಹತ್ಯಾರದ ಡಬ್ಬಿ ಇರುವ ಜಾಗದಲ್ಲಿ ಇರಲಿಲ್ಲ. ದೇವರ ಮುಂದೆ, ಮಣೆಯ ಮೇಲೆ, ಕೆಂಪು ಬಟ್ಟೆ ಹಾಸಿ ಪಾನಾ, ಇಕ್ಕಳ, ಸುತ್ತಿಗೆ ಎಲ್ಲ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಕುಂಕುಮ, ಅಕ್ಷತೆ, ಹೂವು. ಪಕ್ಕದಲ್ಲಿ ನಮ್ಮ ಇಳಿಗೆಮಣೆ, ಚಾಕು, ಅತ್ತೆಯ ಕತ್ತರಿ.

ಕೈ ಚಾಚಿದೆನೋ ಇಲ್ಲವೋ, ಹಿಂದಿನಿಂದ ಅತ್ತೆ ಕೂಗಿದರು.

"ಮುಟ್ಟಬ್ಯಾಡ! ಪೂಜಾಕ್ಕ ಕೂತಾವ. ನಾಳೆ ದಸರಾ ಪೂಜಾ ಆಗೋತನಕ ಅವನ್ನ ಎಬ್ಬಸ್ಬಾರದು."

"ಒಂದು ಪಾನಾ ಅಷ್ಟ ಬೇಕಾಗಿತ್ತರಿ. ಬ್ರೇಕು ಸಡಿಲ ಆಗೇದ."

"ಹರಕಿ ಮುಟ್ಟಸ್ಲಿಕ್ಕೆ ಹೊಂಟೀವಿ, ಪೂಜಾ ಕೆಡಿಸಿ ಹೋಗೂಣೇನು? ಆಕಿ ಕಾಯ್ತಾಳ, ನಡಿ."

ನಾನು ಕೈ ಹಿಂದೆ ತೆಗೆದುಕೊಂಡೆ. ಹೊರಗೆ ಹೋಗಿ ಓಣಿಯಲ್ಲಿ ಒಂದು ಸುತ್ತು ಹೊಡೆದು ಬ್ರೇಕು ಒತ್ತಿ ನೋಡಿದೆ. ಆಳಕ್ಕೆ ಹೋಗಿ ಹಿಡಿಯಿತು. ಹಿಡಿಯಿತಲ್ಲ, ಸಾಕು ಎಂದುಕೊಂಡೆ. ಸಪಾಟು ಓಣಿಯಲ್ಲಿ ನಡಿಗೆಯ ವೇಗದಲ್ಲಿ ನೋಡಿದ ಪರೀಕ್ಷೆ ಅದು. ಅತ್ತೆ ಕೋಲನ್ನು ಬಾಗಿಲ ಹಿಂದೆಯೇ ಬಿಟ್ಟು, ನನ್ನ ತೋಳು ಹಿಡಿದು ಕಟ್ಟೆಯ ತನಕ ಬಂದರು. "ಆಕಿ ಮುಂದ ನಾ ಕೋಲು ಹಿಡಕೊಂಡು ನಿಂದ್ರೂದಿಲ್ಲ" ಎಂದರು. ಕಟ್ಟೆಯ ಮೇಲಿಂದ ತಲೆದಿಂಬಿನ ಮೇಲೆ ಒಂದು ಬದಿಗೆ ಕೂತು, ಬಲಗೈಯನ್ನು ನನ್ನ ಹೆಗಲ ಮೇಲಿಟ್ಟರು.

ಹೋಗುವಾಗ ಏರು. ಏರಿನಲ್ಲಿ ಬ್ರೇಕಿನ ಕೆಲಸ ಎಷ್ಟು? ಗಾಡಿ ಗೊರಗೊರ ಎನ್ನುತ್ತ ಹತ್ತಿತು, ನಾವು ಗುಡಿ ಮುಟ್ಟಿದೆವು. ಅತ್ತೆ ನನ್ನ ತೋಳು ಹಿಡಿದು ನಾಲ್ಕು ಹೆಜ್ಜೆ ಬಂದರು. ಆಮೇಲೆ ತೋಳನ್ನೂ ಬಿಟ್ಟು, ಹೊಸ್ತಿಲು ದಾಟಿ, ದೇವಿಯ ಮುಂದೆ ತಮ್ಮ ಕಾಲ ಮೇಲೆ ತಾವು ನಿಂತರು. ಕನ್ನಡದ ಆರತಿ ನಡೆಯಿತು. ಎಲ್ಲರೂ ಕಣ್ಣು ಮುಚ್ಚಿ ಏನೇನೋ ಬೇಡಿಕೊಂಡರು. ನಾನು ಬೇಡಿದ್ದು ಒಂದೇ: ತಾಯಿ, ಇಳಿಯುವಾಗ ಆ ಬ್ರೇಕು ಹಿಡಿಯಲಿ. ದೇವಿಯ ಹತ್ತಿರ ಇಂಥದ್ದನ್ನು ಕೇಳಲು ನಾಚಿಕೆಯೂ ಆಯಿತು.

ವಾಪಸು ಬರುವಾಗ ಚಾಂದಣಿ ಚೌಕ ದಾಟಿದ ಕೂಡಲೇ ಪೌಡ ರಸ್ತೆ ಕೆಳಗೆ ಇಳಿಯುತ್ತದೆ. ಆಗ ಅದು ಈಗಿನಷ್ಟು ಅಗಲವಿರಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಗ್ಗು, ಎದುರಿಗೆ ಏರುತ್ತ ಬರುವ ಲಾರಿಗಳು. ಹಬ್ಬದ ದಿನವಾದ್ದರಿಂದ ಎಲ್ಲದಕ್ಕೂ ಚೆಂಡುಹೂವಿನ ಮಾಲೆ. ನಾನು ಮೂರನೇ ಗೇರಿನಲ್ಲಿ ಇಳಿಯತೊಡಗಿದೆ. ಸ್ವಲ್ಪ ದೂರ ಬಂದ ಮೇಲೆ ವೇಗ ಹೆಚ್ಚೆನಿಸಿ ಪೆಡಲು ಒತ್ತಿದೆ. ಆಳಕ್ಕೆ ಹೋಯಿತು. ಹಿಡಿಯಲಿಲ್ಲ. ಕಾಲು ತೆಗೆದು ಮತ್ತೆ ಒತ್ತಿದೆ. ಪೆಡಲು ಹೋಗಿ ಕೆಳಗಿನ ತಗಡಿಗೆ ಟಕ್ಕೆಂದು ಬಡಿಯಿತು, ಅಷ್ಟೇ. ಆ ಸಡಿಲ ನಟ್ಟು ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು. ಅದು ಗೊತ್ತಾದದ್ದು ಆಮೇಲೆ; ಆಗ ಗೊತ್ತಾದದ್ದು ಇಷ್ಟೇ, ನನ್ನ ಕಾಲ ಕೆಳಗೆ ಬ್ರೇಕು ಎನ್ನುವುದೇ ಇಲ್ಲ, ನನ್ನ ಹಿಂದೆ ರಾಡು ಹಾಕಿದ ಸೊಂಟ ಕೂತಿದೆ.

ಕೈಯ ಬ್ರೇಕು ಹಿಡಿದರೆ ಅದು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಜೋರಾಗಿ ಅಮುಕಿದರೆ ಮುಂದಿನ ಗಾಲಿ ಜಾರಿ ಇಬ್ಬರೂ ಬೀಳುತ್ತೇವೆ ಎಂಬ ಹೆದರಿಕೆ. ಬೀಳಬಾರದು. ಹೇಗಾದರೂ ಆಗಲಿ, ಬೀಳಬಾರದು. ಇನ್ನೊಮ್ಮೆ ಬಿದ್ದರೆ ಎಂದ ಡಾಕ್ಟರರ ದನಿ ಕಿವಿಯಲ್ಲೇ ಇತ್ತು. ಅತ್ತೆಗೆ ಹೇಳಲೇ? ಹೇಳಿದರೆ ಅವರು ಗಾಬರಿಯಾಗಿ ಇಳಿಯಲು ಹೋದರೆ? ಬಾಯಿ ಬಿಗಿ ಹಿಡಿದೆ. ಸರಿಯಾಗಿ ಅದೇ ಹೊತ್ತಿಗೆ ಹಿಂದಿನಿಂದ ಅತ್ತೆ ಮಾತು ಶುರು ಮಾಡಿದರು.

"ನಮ್ಮ ತವರುಮನಿ ಓಣ್ಯಾಗ ಒಂದು ಮದುವಿ ಆತು ನೋಡು, ಹಿಂಗ ದಸರಾ ಮುಂದ. ಬೀಗರು ಪಂಕ್ತಿಗೆ ಕೂತಾರ. ಎಲಿ ತುಂಬ ಹೋಳಿಗಿ ಬಡಿಸ್ಯಾರ. ಏನಿಲ್ಲ ಹೇಳು? ತುಪ್ಪ ಇಲ್ಲ!"

ನನಗೆ ತುಪ್ಪ ಬೇಕಿತ್ತೇ ಆ ಹೊತ್ತಿನಲ್ಲಿ? ಎದುರಿಗೆ ಲಾರಿ. ಅದರ ಹಿಂದೆ ಅದನ್ನು ದಾಟಲು ಹವಣಿಸುವ ಜೀಪು. ನಾನು ಕ್ಲಚ್ಚು ಹಿಡಿದು ಎರಡನೇ ಗೇರಿಗೆ ತಂದೆ. ಇಂಜಿನ್ನು ಒದರಿತು. ವೇಗ ತುಸು ತಗ್ಗಿತು, ಮತ್ತೆ ಏರಿತು.

"ಬೀಗರು ಸಿಟ್ಟಾದ್ರು. ತುಪ್ಪ ಬಂದ ಹೊರತು ಎಲಿ ಮುಟ್ಟೂದಿಲ್ಲ ಅಂದ್ರು. ಹುಡುಗಿ ಸೋದರಮಾವಾ ಓಡಿದ ನೋಡು ತುಪ್ಪ ತರ್ಲಿಕ್ಕೆ, ಎತ್ತಿನ ಗಾಡಿ ಹೂಡಿಕೊಂಡು..."

"ಗಟ್ಟಿ ಹಿಡ್ಕೋರಿ ಅತ್ತ್ಯಾರ."

"ಹಿಡಕೊಂಡೀನಿ. ನೀ ನಿನ್ನ ಗಾಡಿ ಹೊಡಿ. ಹಾಂ, ಎಲ್ಲಿಗೆ ಬಂದ್ನಿ? ಗದಗಿನ ವರ ಅಂವ. ಅಂವಾ ಪಾಪ ಬಾಸಿಂಗ ಕಟಗೊಂಡು ಹಸಗೊಂಡು ಕೂತಾನ..."

ರಸ್ತೆಯ ಬದಿಗೆ ಅಲ್ಲಲ್ಲಿ ಕಟ್ಟಡದವರು ಸುರಿದ ಮರಳಿನ ಗುಡ್ಡೆಗಳಿದ್ದವು. ನಾನೊಬ್ಬಳೇ ಇದ್ದಿದ್ದರೆ ಕಣ್ಣು ಮುಚ್ಚಿ ಒಂದರೊಳಗೆ ನುಗ್ಗಿಸಿಬಿಡುತ್ತಿದ್ದೆ. ಈಗ ಪ್ರತಿ ಗುಡ್ಡೆಯನ್ನೂ ಆಸೆಯಿಂದ ನೋಡುತ್ತ, ಬೇಡ, ಬೇಡ ಎನ್ನುತ್ತ ದಾಟಿದೆ. ಲಾರಿ ಪಕ್ಕದಿಂದ ಹೋಯಿತು. ಅದರ ಗಾಳಿಗೆ ಗಾಡಿ ಅಲುಗಿತು. ಹಲ್ಲು ಕಚ್ಚಿ ಮೊದಲನೇ ಗೇರಿಗೆ ಬಡಿದೆ. ಇಂಜಿನ್ನು ಕಿರುಚಿದ ಕಿರುಚುವಿಕೆಗೆ ರಸ್ತೆಯ ಜನವೆಲ್ಲ ತಿರುಗಿ ನೋಡಿದರು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ಅತ್ತೆಯ ಬೆರಳುಗಳು ನನ್ನ ಹೆಗಲಲ್ಲಿ ಊರಿದವು. ಮಾತು ಮಾತ್ರ ನಿಲ್ಲಲಿಲ್ಲ.

"ಹಾವೇರಿ ವರ, ಸಿಟ್ಟಿನ ಮನಷ್ಯಾ. ಸೋದರಮಾವಾ ಎಲ್ಲಿ, ಎಲ್ಲಿ ಅಂತ ಎಲ್ಲಾರೂ ಹಾದಿ ನೋಡ್ಲಿಕ್ಕತ್ತಾರ. ಅಷ್ಟರಾಗ ಅವನ ರೈಲು ತಪ್ಪಿತು..."

ಇಳಿಜಾರು ಮುಗಿಯುವ ತನಕ ಹಾಗೇ ಒದರುತ್ತ ಒದರುತ್ತ ಬಂದೆವು. ಕೊನೆಗೆ ರಸ್ತೆ ಸಪಾಟಾಯಿತು. ನಾನು ಎರಡೂ ಕಾಲು ನೆಲಕ್ಕೆ ಎಳೆಯುತ್ತ, ಚಪ್ಪಲಿ ಸವೆಸುತ್ತ, ಒಂದು ಗ್ಯಾರೇಜಿನ ಮುಂದಿನ ಕಟ್ಟೆಯ ಪಕ್ಕ ಗಾಡಿ ನಿಲ್ಲಿಸಿದೆ. ಅತ್ತೆ ನಿಧಾನ ಕಟ್ಟೆಯ ಮೇಲೆ ಕಾಲಿಟ್ಟು ಇಳಿದು, ಅಲ್ಲೇ ಕೂತರು. ಬೀಳಲಿಲ್ಲ. ನನಗೆ ಆಗ ಅಳು ಬಂತು. ಓಢಣಿಯಿಂದ ಮುಖ ಒರೆಸಿಕೊಂಡು, ಧೂಳು ಎಂದೆ.

ಗ್ಯಾರೇಜಿನವನು ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ. ನಾನು ಬ್ರೇಕಿನ ಮಾತು ಹೇಳಿದೆ. ಅವನು ಬಗ್ಗಿ ನೋಡಿ, ನಟ್ಟು ಹೋಗಿದೆ ಎಂದ. ಆಮೇಲೆ ಕೈ ಜೋಡಿಸಿ, "ತಾಈ, ಆಜ್ ಹತ್ಯಾರಂ ಪೂಜೇಲಾ ಬಸಲೀತ್. ಉದ್ಯಾ ಯಾ" ಎಂದು ಒಳಗೆ ತೋರಿಸಿದ. ಗೋಡೆಯ ಬುಡಕ್ಕೆ ಹಸಿರು ಬಟ್ಟೆಯ ಮೇಲೆ ಅವನ ಪಾನಾಗಳೆಲ್ಲ ಹೂವು ಮುಡಿದು ಕೂತಿದ್ದವು. ಇವತ್ತು ಪೂಜೆಗೆ ಕೂತಿವೆ, ನಾಳೆ ಬನ್ನಿ. ನನ್ನ ಮನೆಯ ಮಾತನ್ನೇ ಅವನು ಮರಾಠಿಯಲ್ಲಿ ಹೇಳುತ್ತಿದ್ದ! ನನಗೆ ತಲೆ ಕೆಟ್ಟುಹೋಯಿತು.

"ಅತ್ತ್ಯಾರ, ನೀವರ ಒಂದು ಮಾತು ಹೇಳ್ರಿ ಅವಗ. ಹಿರ್ಯಾರು ಕೇಳಿದ್ರ ಇಲ್ಲ ಅನ್ನೂದಿಲ್ಲ" ಎಂದೆ.

ಅತ್ತೆ ಆ ಪಾನಾಗಳ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು.

"ಮುಂಜಾನೆ ನಿನಗ ಮುಟ್ಟಬ್ಯಾಡ ಅಂದಾಕಿ, ಈಗ ಅವಗ ಮುಟ್ಟು ಅಂತ ಯಾವ ಬಾಯಿಲೆ ಅನ್ನಲಿ?"

"ಹಂಗಾರ ರಿಕ್ಷಾ ನೋಡ್ತೀನಿ."

"ಬ್ಯಾಡ. ಇವತ್ತ ನಾ ಇನ್ನ ಯಾವ ಗಾಲಿ ಮ್ಯಾಲೂ ಕೂಡೂದಿಲ್ಲ. ಮನಿ ಇಲ್ಲೇ ಅದ. ನಡೀತೀನಿ."

ಇಲ್ಲೇ ಎಂದರೆ ಅರ್ಧ ಮೈಲಿಯಾದರೂ ಇತ್ತು. ಹಾಸಿಗೆ ಬಿಟ್ಟ ಮೇಲೆ ಅಡಿಗೆಮನೆ ದಾಟಿ ನಡೆದವರಲ್ಲ ಅವರು. ನಾನು ಬೇಡ ಎಂದೆ, ಸಿಟ್ಟಾದೆ, ಕೈ ಮುಗಿದೆ. ಕೇಳಲಿಲ್ಲ. ಕೊನೆಗೆ ನಾನು ಹ್ಯಾಂಡಲು ಹಿಡಿದು ಸ್ಕೂಟರು ತಳ್ಳತೊಡಗಿದೆ; ಅತ್ತೆ ಅದರ ಇನ್ನೊಂದು ಬದಿಗೆ ಸೀಟು ಹಿಡಿದುಕೊಂಡು, ಎಡಗಾಲು ಊರಿ, ಬಲಗಾಲು ಎಳೆದು, ಹೆಜ್ಜೆ ಹೆಜ್ಜೆಯಾಗಿ ಬಂದರು. ಮಾಲೆ ಹಾಕಿದ ಗಾಡಿ, ಮೇಲೆ ತಲೆದಿಂಬು, ಅಕ್ಕಪಕ್ಕ ನಾವಿಬ್ಬರು. ನೋಡಿದವರು ಇದು ಯಾವ ದೇವರ ಮೆರವಣಿಗೆ ಎಂದುಕೊಂಡರೋ. ಮುಚ್ಚಿದ ಅಂಗಡಿಗಳ ಮೆಟ್ಟಿಲು ಸಿಕ್ಕಲ್ಲೆಲ್ಲ ಕೂಡಿಸಿ ನೀರು ಕುಡಿಸಿದೆ. ನನ್ನ ಕಣ್ಣು ಅವರ ಪಾದ ಬಿಟ್ಟು ಕದಲಲಿಲ್ಲ.

ಎರಡನೆಯ ಸಲ ಕೂತಾಗ, ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ. "ಆ ಮದುವ್ಯಾಗ ಮುಂದ ಏನಾತ್ರಿ? ತುಪ್ಪ ಬಂತೇನು?"

"ಯಾವ ಮದುವಿ?"

"ಆಗ ಹೇಳ್ತಿದ್ರಲ್ಲ, ಗಾಡಿ ಮ್ಯಾಲ. ಬೀಗರು ಸಿಟ್ಟಾದದ್ದು."

ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಹಂಥಾ ಮದುವಿ ಎಲ್ಲೂ ಆಗಿಲ್ಲವಾ" ಎಂದರು. "ನಿನ್ನ ಕಾಲು ಟಕ್ ಅಂತು, ಗಾಡಿ ನಿಲ್ಲಲಿಲ್ಲ. ಮತ್ತ ಟಕ್ ಅಂತು, ಆಗೂ ನಿಲ್ಲಲಿಲ್ಲ. ನಿನ್ನ ಹೆಗಲು ಕಲ್ಲಾಗಿತ್ತು ನನ್ನ ಕೈಯಾಗ. ನಾ ಚೀರಿದ್ರ ನೀ ಕೈ ಬಿಡ್ತಿದ್ದಿ. ಸುಮ್ಮನ ಕೂತ್ರ ನನಗ ಏನೋ ಗೊತ್ತಾಗೇದ ಅಂತ ಇನ್ನಷ್ಟು ಹೆದರ್ತಿದ್ದಿ. ಬಾಯಿಗೆ ಬಂದದ್ದು ಹೇಳಿಕೋತ ಬಂದ್ನಿ."

ಎತ್ತಿನ ಗಾಡಿಯಲ್ಲಿ ಹೋದವನ ರೈಲು ತಪ್ಪಿದ್ದು, ಗದಗಿನ ವರ ಹಾವೇರಿಯವನಾದದ್ದು ಎಲ್ಲ ಆಗ ಅರ್ಥವಾಯಿತು. ನಾನು ಅವರಿಂದ ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದೆ.

"ಹೆದರಿಕಿ ಆಗಿತ್ತೇನ್ರಿ?" ಎಂದೆ.

"ಮತ್ತ? ಕಾಲು ಹೋಗೂದು ನಂದಲ್ಲೇನು?" ಎಂದರು, ಸಿಟ್ಟಿನಿಂದಲೇ. ಎದ್ದು ಮತ್ತೆ ಸೀಟು ಹಿಡಿದರು.

ಸಂಜೆ ಗಂಡ ಪೇಢೆಯ ಡಬ್ಬಿ ಹಿಡಿದು ನಗುನಗುತ್ತ ಬಂದಾಗ ನಾವಿಬ್ಬರೂ ಸೇರಿ ಅವರ ನಗೆ ಇಳಿಸಿದೆವು. ಮರುವರ್ಷದಿಂದ ನಮ್ಮ ಮನೆಯ ಪದ್ಧತಿ ಬದಲಾಯಿತು. ಅಷ್ಟಮಿಯ ದಿನವೇ ಅತ್ತೆ ಕೋಲೂರಿಕೊಂಡು ಕಂಪೌಂಡಿನ ಕಟ್ಟೆಗೆ ಬಂದು ಕೂಡುತ್ತಿದ್ದರು. ಮಗ ಅವರ ಕಣ್ಣೆದುರಿಗೆ ನಟ್ಟು ಬಿಗಿ ಮಾಡಬೇಕು, ನಾನು ಅವರ ಕಣ್ಣೆದುರಿಗೆ ಗಾಡಿ ಓಡಿಸಿ ಬ್ರೇಕು ಒತ್ತಿ ತೋರಿಸಬೇಕು. ಅದಾದ ಮೇಲೆಯೇ ಪಾನಾ ತೊಳೆದು ಪೂಜೆಗೆ ಕೂಡಿಸುತ್ತಿದ್ದರು. ಪೂಜೆಗೆ ಕೂತ ಮೇಲೆ ಮುಟ್ಟುವ ಹಾಗಿಲ್ಲ ಎಂಬುದನ್ನು ಮಾತ್ರ ಅವರು ಬಿಡಲಿಲ್ಲ.

ಎರಡು ಸಾವಿರ ದಾಟಿದ ಮೇಲೆ, ಸ್ಕೂಟರು ಮಾರಿ ಗೇರಿಲ್ಲದ ಹಗುರ ಗಾಡಿ ಕೊಂಡ ಮೇಲೆ, ಅತ್ತೆ ಇನ್ನೊಮ್ಮೆ ಬಿದ್ದರು. ತುಳಸಿಗೆ ನೀರು ಹಾಕಲು ಹೋಗಿ, ಈ ಸಲ ಇನ್ನೊಂದು ಬದಿಯ ಸೊಂಟ. ಅವರು ಆಮೇಲೆ ಎದ್ದು ಕೋಲೂರಿ ನಡೆದರು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಓದುವವರನ್ನು ಹೆದರಿಸಿ ಕೂಡಿಸುವುದು ನನ್ನಿಂದಾಗದು. ಆದರೆ ಅವತ್ತು ಬೆಳಿಗ್ಗೆ ಆಪರೇಷನ್ನಿಗೆ ಒಯ್ಯುವಾಗ ಅದು ಯಾರಿಗೂ ಗೊತ್ತಿರಲಿಲ್ಲ. ಗಾಲಿ ಹಚ್ಚಿದ ಮಂಚದ ಮೇಲೆ ಅವರು ಛಾವಣಿ ನೋಡುತ್ತ ಮಲಗಿದ್ದರು. ನಾನು ಹೆಗಲ ಮೇಲೆ ಕೈ ಇಟ್ಟೆ. ಕಲ್ಲಾಗಿತ್ತು.

"ಅತ್ತ್ಯಾರ," ಎಂದೆ, "ಆ ತುಪ್ಪ ತರ್ಲಿಕ್ಕೆ ಹೋದ ಸೋದರಮಾವಾ ಇದ್ದನಲ್ರಿ. ಅಂವಾ ಬಂದ."

ಅವರು ತಿರುಗಿ ನನ್ನ ಮುಖ ನೋಡಿದರು. ಒಣಗಿದ ತುಟಿ ಸ್ವಲ್ಪ ಅಲುಗಿತು. "ಎದರಾಗ ಬಂದ? ಗಾಡ್ಯಾಗೋ, ರೈಲಿನ್ಯಾಗೋ?"

"ಸ್ಕೂಟರ್ ಮ್ಯಾಲ ಬಂದ್ರಿ. ಹಿಂದ ತುಪ್ಪದ ಕೊಡ ಕಟಗೊಂಡು. ಒಂದು ಹನಿ ಚೆಲ್ಲಿಲ್ಲ ನೋಡ್ರಿ."

"ಬೀಗರು?"

"ಬೀಗರು ಇನ್ನೂ ಎಲಿ ಮುಂದನ ಕೂತಿದ್ರು..."

ಮಂಚ ಉರುಳತೊಡಗಿತು. ನಾನು ಅದರ ಜೊತೆಗೇ ನಡೆದೆ, ಹೇಳುತ್ತ ಹೇಳುತ್ತ. ಬಾಗಿಲ ಹತ್ತಿರ ನರ್ಸು ನನ್ನ ಕೈ ಬಿಡಿಸಿದಳು. "ನಿಲ್ಲಸಬ್ಯಾಡ" ಎಂದರು ಅತ್ತೆ. ಬಾಗಿಲು ಮುಚ್ಚಿತು. ಹೊರಗೆ ಗೋಡೆ ಹಿಡಿದು ನಿಂತು, ಒಬ್ಬೊಬ್ಬರ ಹೋಳಿಗೆಯ ಮೇಲೂ ತುಪ್ಪ ಬಡಿಸುತ್ತ, ಆ ಮದುವೆಯನ್ನು ನಾನು ಹೇಳುತ್ತಲೇ ಇದ್ದೆ.